ಹೆಸರು ಕಳೆದುಕೊಂಡ ಪಾದಗಳು

ಅಂಗಡಿಯ ಹಿಂದಿನ ಕೋಣೆ,
ನವೆಂಬರ್ ೯, ಭಾನುವಾರ

ಪ್ರೀತಿಯ ತಮ್ಮಾ,

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಂಗಡಿಯ ಕಂಪ್ಯೂಟರ್ ಕೆಟ್ಟುಹೋದ ಸುದ್ದಿಯನ್ನು ನಿನಗೆ ತಿಳಿಸಬಾರದು ಎಂದೇ ಇದ್ದೆ. ಬರೆಯಲು ಕೂತ ಮೇಲೂ ಒಂದು ಪುಟದ ತುಂಬ ಎದುರು ಬೀದಿ ಅಗೆದದ್ದು, ಮಹಡಿಯ ನಲ್ಲಿ ಸೋರುವುದು, ಪಕ್ಕದ ಔಷಧಿ ಅಂಗಡಿಯವರು ಹೊಸ ಬೋರ್ಡು ಹಾಕಿಸಿದ್ದು ಎಲ್ಲ ಬಂತು, ಅದೊಂದು ಬರಲಿಲ್ಲ. ಆ ಪುಟವನ್ನು ಚರ್ಮದ ಚೂರುಗಳ ಬುಟ್ಟಿಗೆ ಹಾಕಿ ಇದನ್ನು ಶುರು ಮಾಡಿದ್ದೇನೆ. ಹೋದ ತಿಂಗಳು ನೀನು ಕ್ಯಾಂಪಿನ ಆಫೀಸಿನಿಂದ ಫೋನ್ ಮಾಡಿದಾಗ ಅದು ಕೆಟ್ಟು ಮೂರೋ ನಾಲ್ಕೋ ದಿನವಾಗಿತ್ತು. ಎಲ್ಲಾ ಚೆನ್ನಾಗಿದೆ ಎಂದೆ. ನೀನು, "ನಿನ್ನ ಹಿಂದೆ ಯಾವಾಗ್ಲೂ ಗುಂಯ್ ಅನ್ನೋ ಸದ್ದಿರ್ತಿತ್ತಲ್ಲ ಅಕ್ಕ, ಇವತ್ತಿಲ್ವಲ್ಲ" ಎಂದು ಕೇಳಿದೆ. ಯಂತ್ರಕ್ಕೂ ಒಂದು ದಿನ ರಜೆ ಬೇಡವೇ ಎಂದು ನಾನು ನಕ್ಕೆ. ಅಷ್ಟರಲ್ಲಿ ನಿನ್ನ ಬೆನ್ನ ಹಿಂದೆ ಯಾರೋ ತಮ್ಮ ಸರದಿ ಬಂತೆಂದು ಕೆಮ್ಮಿದರು, ನೀನು ಇಟ್ಟುಬಿಟ್ಟೆ. ಇಟ್ಟ ಮೇಲೂ ಫೋನನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದೆ. ಆ ಫ್ಯಾನಿನ ಸದ್ದು ಮನೆಯಲ್ಲಿ ಇನ್ನೊಬ್ಬರು ಇದ್ದ ಹಾಗಿತ್ತು ಎಂದು ನನಗೆ ಗೊತ್ತಾದದ್ದು ನೀನು ಹೇಳಿದ ಮೇಲೆಯೇ.

ನಿನ್ನ ಆರೋಗ್ಯ ಹೇಗಿದೆ? ಬಲಗೈ ಹೆಬ್ಬೆರಳಿನ ಬುಡದ ನೋವು ಕಡಿಮೆಯಾಯಿತೇ? ಬೆಟ್ಟದ ಮೇಲೆ ಚಳಿ ಶುರುವಾಗಿರಬೇಕು. ನಾನು ಕಳಿಸಿದ ಉಣ್ಣೆಯ ಕೈಗವಸು ತಲುಪಿತೆಂದು ನೀನು ಬರೆದಿದ್ದೆ, ಬೆರಳ ತುದಿಗಳನ್ನು ದಾರಿಯಲ್ಲಿ ಇಲಿ ತಿಂದಿದೆಯೇ ಎಂದು ತಮಾಷೆಯನ್ನೂ ಮಾಡಿದ್ದೆ. ಇಲಿಯಲ್ಲ, ನಾನೇ ಕತ್ತರಿಸಿದ್ದು. ಬೆರಳ ತುದಿ ಮುಚ್ಚಿದರೆ ನಿನಗೆ ಕಣ್ಣು ಕಟ್ಟಿದ ಹಾಗೆ ಎಂದು ಗೊತ್ತಿಲ್ಲವೇ ನನಗೆ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಚೆನ್ನಾಗಿದ್ದೇನೆ. ಸಂಜೆಯಾಗುತ್ತಿದ್ದಂತೆ ಸೊಂಟದ ಎಡಭಾಗ ಹಿಡಿದುಕೊಳ್ಳುತ್ತಿತ್ತು, ಅಷ್ಟೇ. ನಿಂತು ಕೆಲಸ ಮಾಡುವವರಿಗೆ ಅದು ಇದ್ದದ್ದೇ ಎಂದು, ಹೇಳದೆ ಕೇಳದೆ ಬಂದು ಉಳಿದ ನೆಂಟರನ್ನು ಸಹಿಸಿಕೊಳ್ಳುವಂತೆ ಅದನ್ನೂ ಸಹಿಸಿಕೊಂಡಿದ್ದೆ.

ಈಗ ಸುದ್ದಿ. ನೀನು ಆ ಕ್ಯಾಂಪಿನಲ್ಲಿ ಕಾಲು ಕಳೆದುಕೊಂಡವರಿಗೆ ಕಾಲು ಮಾಡಿಕೊಡುತ್ತಿರುವಾಗ ಇಲ್ಲಿ ನಾನು, ಇದ್ದವರ ಕಾಲುಗಳನ್ನೇ ಕಳೆದುಕೊಂಡು ಕೂತೆ. ಅಕ್ಟೋಬರ್ ಮೊದಲ ವಾರದ ಒಂದು ಬೆಳಿಗ್ಗೆ ಚಹಾ ಲೋಟ ಹಿಡಿದು ಬಂದು ಎಂದಿನಂತೆ ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ಹಸಿರು ದೀಪ ಹತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಸ್ವಲ್ಪ ಹೊತ್ತಿಗೆ ಮೂಲೆಯಲ್ಲಿ ಇಂಗ್ಲಿಷಿನ ಒಂದು ಬಿಳಿ ಸಾಲು ಬಂತು, ಡಿಸ್ಕ್ ಸಿಗುತ್ತಿಲ್ಲ ಎಂದು. ಪೆಟ್ಟಿಗೆಯ ಒಳಗಿನಿಂದ, ಯಾರೋ ಉಗುರಿನಲ್ಲಿ ಬಾಗಿಲು ತಟ್ಟಿದ ಹಾಗೆ, ಟಕ್, ಟಕ್, ಆಮೇಲೆ ಸುಮ್ಮನೆ, ಮತ್ತೆ ಟಕ್. ಆರಿಸಿ ಹಚ್ಚಿದೆ. ಮತ್ತೆ ಆರಿಸಿ ಹಚ್ಚಿದೆ. ಮಧ್ಯಾಹ್ನದವರೆಗೂ ಅದೇ ಕೆಲಸ. ಪ್ರತಿ ಸಲವೂ ಈ ಸಲ ಏಳುತ್ತದೆ ಎಂದು ನಂಬಿದೆ. ಚಹಾ ಅಲ್ಲೇ ಆರಿ ಕೆನೆಗಟ್ಟಿತು.

ಅದರೊಳಗೆ ಏನಿತ್ತು ಎಂದು ನಿನಗೆ ಹೇಳಬೇಕಾಗಿಲ್ಲ. ಆದರೂ ನನಗೇ ಸ್ಪಷ್ಟವಾಗಲೆಂದು ಬರೆಯುತ್ತೇನೆ. ಬೂಟಿನ ಅಳತೆಗೆಂದು ಅಪ್ಪ ಕೆತ್ತಿಟ್ಟಿದ್ದ ಗಿರಾಕಿಗಳ ಮರದ ಪಾದಗಳಿಗೆ ಹುಳು ಹಿಡಿದಾಗ ನೀನು ಒಂದೊಂದನ್ನೇ ಸ್ಕ್ಯಾನ್ ಮಾಡಿ ಒಳಗೆ ಹಾಕಿದ್ದು, ಆಮೇಲೆ ನೀನೇ ಅಳೆದ ಹೊಸಬರದ್ದು, ಎಲ್ಲ ಸೇರಿ ಇನ್ನೂರಕ್ಕೂ ಹೆಚ್ಚು ಜೊತೆ. ಒಂದು ಕಾಲು ಗಿಡ್ಡ ಇರುವವರು, ಸಕ್ಕರೆ ಕಾಯಿಲೆಯಲ್ಲಿ ಬೆರಳು ಹೋದವರು, ಸುಟ್ಟು ಮುರುಟಿದ ಅಂಗಾಲಿನವರು, ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಗಿದವರು. ಬೇರೆ ಅಂಗಡಿಯ ಬೂಟು ಹಿಡಿಸದವರೇ ತಾನೇ ನಮ್ಮಲ್ಲಿಗೆ ಬರುವುದು. "ಊರೋರೆಲ್ಲ ಕೆಲಸ ಆಗ್ಬೇಕಾದ್ರೆ ಕಾಲು ಹಿಡೀತಾರೆ, ನಮಗೆ ಕಾಲು ಹಿಡಿಯೋದೇ ಕೆಲಸ" ಎಂದು ಅಪ್ಪ ನಗುತ್ತಿದ್ದರು. ಆದರೆ ಆ ಕಾಲುಗಳು ನಾಚಿಕೊಂಡು ಬರುವ ಕಾಲುಗಳು ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಮರದ ಮೇಲೆ ಮನುಷ್ಯರ ಹೆಸರು ಬರೆಯದೆ ಪಾದಕ್ಕೇ ಒಂದು ಹೆಸರಿಡುತ್ತಿದ್ದರು. ಯಾರಾದರೂ ಕಪಾಟು ತೆರೆದು ನೋಡಿದರೂ ಅದು ಯಾರ ಕಾಲು ಎಂದು ತಿಳಿಯಬಾರದು. ದೋಣಿ, ಬೆಳ್ಳುಳ್ಳಿ, ಅರೆಚಂದ್ರ, ಮುನಿಸು. ನೀನೂ ಅದೇ ರೂಢಿ ಇಟ್ಟುಕೊಂಡೆ. ಬಂದವರ ಕಾಲನ್ನು ತೊಡೆಯ ಮೇಲಿಟ್ಟು, ಕಣ್ಣು ಎಲ್ಲೋ ನೆಟ್ಟು, ಎರಡು ಹೆಬ್ಬೆರಳಿನಲ್ಲಿ ಒತ್ತುತ್ತಾ ಹೋಗಿ, ಅವರು ಹೊರಟ ಮೇಲೆ ನೀನೊಂದು ಹೆಸರು ಹೇಳುತ್ತಿದ್ದೆ. ನಾನು ಆ ಹೆಸರಿನಲ್ಲಿ ಫೋಲ್ಡರ್ ತೆರೆಯುತ್ತಿದ್ದೆ. ಕಾಲು ಮುಟ್ಟುವ ಕೆಲಸ ನನ್ನ ಪಾಲಿಗೆ ಎಂದೂ ಬರಲಿಲ್ಲ. ಚಿಕ್ಕವರಿದ್ದಾಗಲೂ ಶಾಲೆಯಿಂದ ಬಂದ ಮೇಲೆ ನಿನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಅಪ್ಪ ನನಗೆ ಹೇಳುತ್ತಿದ್ದರು, "ನೀನು ಹೋಂವರ್ಕ್ ಮಾಡಮ್ಮ, ಇಲ್ಲಿ ಕೂತ್ರೆ ಇಂಗ್ಲಿಷಿಗೆ ಅಂಟಿನ ವಾಸನೆ ಹತ್ತುತ್ತೆ." ಆ ಮಾತಿಗೆ ನೀನು ಹಲ್ಲು ಕಿರಿಯುತ್ತಿದ್ದದ್ದು ನೆನಪಿದೆ.

ಮೂರು ವರ್ಷದ ಹಿಂದೆ ನೀನು ಹೋಗುವ ಮುಂಚಿನ ವಾರ ಮಗಳನ್ನು ಅತ್ತೆಯ ಮನೆಗೆ ಕಳಿಸುವವರ ಹಾಗೆ ಪ್ರತಿಯೊಂದನ್ನೂ ನೋಡಿ ಹೋದೆ. ಹೊಲಿಗೆ ಯಂತ್ರದ ಬೆಲ್ಟು ಬದಲಿಸಿದೆ. ಕತ್ತರಿಗಳಿಗೆ ಸಾಣೆ ಹಿಡಿಸಿದೆ. ಸ್ಕ್ಯಾನರಿನ ಗಾಜು ಸರಿ ಇದೆಯೇ ನೋಡಬೇಕೆಂದು ನನ್ನನ್ನೇ ಅದರ ಮೇಲೆ ನಿಲ್ಲಿಸಿದೆ. ಕೊನೆಗೆ ಪರದೆಯ ನಡುವೆ ಒಂದು ಚಿತ್ರ ಇಟ್ಟು, "ಪಾದಗಳೆಲ್ಲ ಇದರಲ್ಲಿವೆ ಅಕ್ಕ, ಹುಡುಕೋ ಕಷ್ಟ ಬೇಡ. ಶುಕ್ರವಾರ ಶುಕ್ರವಾರ ಹೊರಗಿನ ಡಿಸ್ಕಿಗೆ ಒಂದು ಕಾಪಿ ಹಾಕ್ಕೋ" ಎಂದೆ. ಒಂದು ಶುಕ್ರವಾರವೂ ತಪ್ಪಿಸಲಿಲ್ಲ ಕಣೋ. ಜ್ವರ ಬಂದಾಗಲೂ ಇಳಿದು ಬಂದು ತಾರೀಖು ಹಾಕಿ ಹೊಸ ಫೋಲ್ಡರ್ ಮಾಡಿ, ಆ ಚಿತ್ರವನ್ನು ಎಳೆದು ಅದರೊಳಗೆ ಬಿಟ್ಟಿದ್ದೇನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಎಷ್ಟು ಚುರುಕು ಎಂದು ಯಂತ್ರವನ್ನು ಮೆಚ್ಚಿಕೊಂಡೂ ಇದ್ದೆ.

ಆ ಮಧ್ಯಾಹ್ನ ಹೊರಗಿನ ಡಿಸ್ಕನ್ನು ಔಷಧಿ ಅಂಗಡಿಯವರ ಕಂಪ್ಯೂಟರಿಗೆ ಚುಚ್ಚಿ ನೋಡಿದೆ. ಮೂರು ವರ್ಷದ ಶುಕ್ರವಾರಗಳು ಸಾಲಾಗಿ ನಿಂತಿದ್ದವು. ಒಂದನ್ನು ತೆರೆದರೆ ಒಳಗೆ ಅದೇ ಚಿತ್ರ, ಮೂಲೆಯಲ್ಲಿ ಸಣ್ಣ ಬಾಣದ ಗುರುತು. ಒತ್ತಿದರೆ, ನೀವು ಹುಡುಕುತ್ತಿರುವುದು ಈ ಜಾಗದಲ್ಲಿ ಇಲ್ಲ ಎಂದು ಬಂತು. ಇನ್ನೊಂದು ಶುಕ್ರವಾರ ತೆರೆದೆ, ಅದೇ ಉತ್ತರ. ನೀನು ಪರದೆಯ ಮೇಲೆ ಇಟ್ಟುಕೊಟ್ಟದ್ದು ಶಾರ್ಟ್‌ಕಟ್. ಪಾದಗಳಿದ್ದ ಮನೆಗೆ ಅದು ದಾರಿ ಅಷ್ಟೇ, ಮನೆಯಲ್ಲ. ನಾನು ವಾರ ವಾರ ಶ್ರದ್ಧೆಯಿಂದ ವಿಳಾಸವನ್ನು ಕಾಪಿ ಮಾಡಿ ಜೋಪಾನ ಮಾಡಿದ್ದೆ. ನನಗೆ ಸುಲಭವಾಗಲೆಂದು ನೀನು ಹಾಗೆ ಮಾಡಿದ್ದು, ನೀನು ಹೇಳಿದೆಯೆಂದು ನಾನು ಹಾಗೆ ಮಾಡಿದ್ದು. ತಪ್ಪು ಯಾರದೆಂದು ಸ್ವಲ್ಪ ಹೊತ್ತು ಯೋಚಿಸಿದೆ. ನಮ್ಮಿಬ್ಬರ ನಡುವೆ ಮಾತ್ರ ಆಗಬಹುದಾದ ತಪ್ಪು ಇದು ಎನ್ನಿಸಿ ಬಿಟ್ಟುಬಿಟ್ಟೆ. ಔಷಧಿ ಅಂಗಡಿಯವರು "ಏನಾದ್ರೂ ಸಿಕ್ತಾ?" ಎಂದರು. ವಿಳಾಸ ಸಿಕ್ಕಿತು ಎಂದೆ. ಅವರು ಒಳ್ಳೆಯದಾಯಿತು ಎಂದರು.

ಆಮೇಲಿನ ಒಂದು ವಾರದ ಬಗ್ಗೆ ಹೆಚ್ಚು ಬರೆಯಲಾರೆ. ಬಾಗಿಲಿಗೆ ಆರೋಗ್ಯ ಸರಿಯಿಲ್ಲ ಎಂದು ಚೀಟಿ ಅಂಟಿಸಿ ಮಹಡಿಯ ಮೇಲಿದ್ದೆ. ಬ್ರೆಡ್ಡು ಸುಟ್ಟುಕೊಂಡು ತಿಂದೆ, ಕಿಟಕಿಯಿಂದ ಬೀದಿ ಅಗೆಯುವವರನ್ನು ನೋಡಿದೆ, ಮಾತಾಡುವ ಕಾರ್ಯಕ್ರಮಗಳನ್ನೇ ಹುಡುಕಿ ರೇಡಿಯೋ ಹಾಕಿಕೊಂಡೆ. ಮೂರು ವರ್ಷಗಳಿಂದ ನಾನು ಬದುಕಿದ್ದೇ ಆ ಉಳಿಸಿಟ್ಟ ಪಾದಗಳ ಮೇಲೆ. ಹೊಸಬರು ಬಂದರೆ ತಮ್ಮ ಊರಿನಲ್ಲಿಲ್ಲ ಎಂದು ಕಳಿಸಿಬಿಡುತ್ತಿದ್ದೆ. ಹಳಬರು ಫೋನಿನಲ್ಲಿ ಹೇಳುತ್ತಿದ್ದರು, ನಾನು ಪರದೆಯ ಮೇಲಿನ ಆಕಾರಕ್ಕೆ ಚರ್ಮ ಕತ್ತರಿಸಿ ಹೊಲಿದು, ಪೆಟ್ಟಿಗೆಯಲ್ಲಿಟ್ಟು ಕಟ್ಟೆಯ ಮೇಲಿಂದ ಆಚೆ ದಾಟಿಸುತ್ತಿದ್ದೆ. ಯಾರೂ ಒಳಗೆ ಬಂದು ಕೂರಬೇಕಾಗಿರಲಿಲ್ಲ. ನಿನ್ನ ಮಣೆಯ ಎದುರು ಬಂದವರು ಕೂರುತ್ತಿದ್ದ ಆ ಗಿಡ್ಡ ಕುರ್ಚಿಯ ಮೇಲೆ ಚರ್ಮದ ಸುರುಳಿಗಳನ್ನು ಪೇರಿಸಿದ್ದೆ. ಆ ವಾರ ನನ್ನನ್ನೇ ಕೇಳಿಕೊಂಡೆ, ನಾನು ಹೆದರಿದ್ದು ಪಾದಗಳು ಹೋದವೆಂದೇ, ಅಥವಾ ಇನ್ನು ಮೇಲೆ ಆ ಕುರ್ಚಿಯನ್ನು ಖಾಲಿ ಮಾಡಬೇಕಾಗುತ್ತದೆಂದೇ? ಉತ್ತರ ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇದ್ದೆ.

ಆ ವಾರದ ಕೊನೆಗೆ ಅಂಚೆಯಮ್ಮ ಮಹಡಿಯ ಗಂಟೆ ಬಾರಿಸಿದಳು. ನಮ್ಮ ಮುನಿಸು ಅವಳೇ ಎಂದು ನಿನಗೆ ನೆನಪಿರಬೇಕು. ಎರಡು ಹೆಬ್ಬೆರಳೂ ಒಂದರ ಮುಖ ಒಂದು ನೋಡದೆ ಆಚೀಚೆ ತಿರುಗಿಕೊಂಡ ಪಾದಗಳು. ನಿನ್ನ ಕಾಗದ ಕೊಟ್ಟು, ಆರೋಗ್ಯ ವಿಚಾರಿಸಿ, ಹೋಗದೆ ನಿಂತಳು. ಅವಳ ಎಡಗಾಲಿನ ಬೂಟು ಬದಿಯಲ್ಲಿ ಬಿರಿದಿತ್ತು, ಅದಕ್ಕೆ ದಾರ ಸುತ್ತಿಕೊಂಡಿದ್ದಳು. ಅವಳ ಹೊಸ ಜೋಡು ನನ್ನ ಮೇಜಿನ ಮೇಲೆ ಅರ್ಧ ಕತ್ತರಿಸಿಟ್ಟದ್ದು ಇಬ್ಬರಿಗೂ ಗೊತ್ತು. ಮುಂದಿನ ವಾರ ಎಂದೆ. ಅವಳು ಆಗಲಿ ಎಂದು, ಮೆಟ್ಟಿಲನ್ನು ಒಂದೊಂದಾಗಿ, ಗೋಡೆ ಹಿಡಿದು ಇಳಿದಳು. ದಿನವಿಡೀ ನಡೆಯುವವಳು ಮೆಟ್ಟಿಲಿಗೆ ಗೋಡೆ ಹಿಡಿಯುವುದನ್ನು ನೋಡಿದೆ. ನಿನ್ನ ಕಾಗದ ಓದಿದೆ. ಕ್ಯಾಂಪಿನವರು ಇನ್ನೆರಡು ವರ್ಷ ಇರುತ್ತೀಯಾ ಎಂದು ಕೇಳುತ್ತಿದ್ದಾರೆ, ಏನು ಹೇಳಲಿ ಎಂದು ಬರೆದಿದ್ದೆ. "ಅಂಗಡಿಗೆ ಕಷ್ಟ ಆದ್ರೆ ಒಂದೇ ಒಂದು ಮಾತು ಬರಿ, ಮುಂದಿನ ಗಾಡಿಗೇ ಹೊರಡ್ತೀನಿ" ಎಂದೂ ಬರೆದಿದ್ದೆ. ಮಾರನೆಯ ಬೆಳಿಗ್ಗೆ ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಸ್ಸು ಹತ್ತಿದೆ.

ಕನ್ನಡಕದ ಅಂಗಡಿಯ ಮೇಲಿನ ಕಿರಿದಾದ ಕೋಣೆಯಲ್ಲಿ ಸತ್ತ ಡಿಸ್ಕುಗಳಿಂದ ಫೈಲು ತೆಗೆದುಕೊಡುವ ಹೆಂಗಸೊಬ್ಬಳಿದ್ದಾಳೆ. ಎಲ್ಲರೂ ಅವಳನ್ನು ಡಾಕ್ಟರಮ್ಮ ಎನ್ನುತ್ತಾರೆ, ಅವಳಿಗೂ ಆ ಹೆಸರು ಇಷ್ಟ. ಗೋಡೆಯ ತುಂಬ ತಾನು ಬದುಕಿಸಿದ ಡಿಸ್ಕುಗಳನ್ನು ಬೇಟೆಗಾರರು ಕೊಂಬು ತೂಗುಹಾಕಿದ ಹಾಗೆ ತೂಗುಹಾಕಿದ್ದಾಳೆ. ಹುರಿದ ಕಡಲೆಕಾಯಿ ತಿನ್ನುತ್ತಾ ಕತೆಯೆಲ್ಲ ಕೇಳಿದಳು. ಎಷ್ಟು ಸಲ ಆರಿಸಿ ಹಚ್ಚಿದಿರಿ ಎಂದಳು. ಬಹಳ ಸಲ ಎಂದೆ. "ಉಸಿರು ನಿಂತೋರನ್ನ ಭುಜ ಅಲ್ಲಾಡ್ಸಿ ಅಲ್ಲಾಡ್ಸಿ ಚೆನ್ನಾಗಿದೀರಾ ಅಂತ ಕೇಳಿದ ಹಾಗಾಯ್ತು. ಪ್ರೀತಿ ಜಾಸ್ತಿಯಾಯ್ತು ಮೇಡಂ" ಎಂದು ಸಿಪ್ಪೆ ಊದಿದಳು. ಒಳಗೆ ಏನಿದೆ, ಮದುವೆ ಫೋಟೋಗಳೇ ಎಂದು ಕೇಳಿದಳು. ಕಾಲುಗಳು ಎಂದೆ. ಅವಳು ಕಡಲೆಕಾಯಿಯ ಪೊಟ್ಟಣ ಕೆಳಗಿಟ್ಟಳು. ಜನ ಮದುವೆ ತರುತ್ತಾರೆ, ಮಕ್ಕಳನ್ನು ತರುತ್ತಾರೆ, ಒಬ್ಬರು ಸತ್ತ ನಾಯಿಯನ್ನೂ ತಂದಿದ್ದರು, ಕಾಲು ಇದೇ ಮೊದಲು ಎಂದು ಬಹಳ ಗೌರವದಿಂದ ಪೆಟ್ಟಿಗೆಯನ್ನು ತೆಗೆದುಕೊಂಡಳು.

ಎರಡು ವಾರ ಹಿಡಿಯಿತು. ಆ ಡಿಸ್ಕನ್ನು ಒಂದೇ ಸಮನೆ ಓದಿದರೆ ಕೈಕೊಡುತ್ತದಂತೆ. ಸ್ವಲ್ಪ ಓದಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಸ್ವಲ್ಪ ಓದಿಸಿ, ಜ್ವರದವರಿಗೆ ಗುಟುಕು ಗುಟುಕಾಗಿ ನೀರು ಕುಡಿಸಿದಂತೆ. ದಿನಕ್ಕೊಂದು ಸಲ ಫೋನ್ ಮಾಡುತ್ತಿದ್ದೆ. ನಿಜ ಹೇಳಲೇ, ಆ ಎರಡು ವಾರ ದಿನಕ್ಕೊಬ್ಬರ ಜೊತೆ ಮಾತಾಡುವುದಕ್ಕೆ ನನಗೊಂದು ಕಾರಣ ಇತ್ತು. ಕೊನೆಗೆ ಒಂದು ದಿನ ಬನ್ನಿ ಎಂದಳು. ಹೊಸ ಡಿಸ್ಕಿನಲ್ಲಿ ಪಾದಗಳು ಬಂದಿದ್ದವು. ಎಲ್ಲವೂ ಅಲ್ಲ, ಕೆಲವು ಹಿಮ್ಮಡಿಯವರೆಗೆ ಬಂದು ನಿಂತಿದ್ದವು, ಕೆಲವು ಒಂಟಿ ಕಾಲು. ಆದರೆ ಬಹುಪಾಲು ಇದ್ದವು. ಹೆಸರು ಮಾತ್ರ ಒಂದರದ್ದೂ ಇರಲಿಲ್ಲ. ಬರೀ ಅಂಕಿಗಳು. ಹೆಸರು ಬರೆದಿಟ್ಟ ಭಾಗವೇ ಡಿಸ್ಕಿನಲ್ಲಿ ಸವೆದುಹೋಗಿದೆಯಂತೆ. "ಮನೆಗಳಿವೆ, ಬಾಗಿಲ ಮೇಲಿನ ಬೋರ್ಡಿಲ್ಲ, ಅಷ್ಟೇ. ಒಳಗಿರೋರು ಯಾರು ಅಂತ ನಿಮಗೆ ಗೊತ್ತಿರುತ್ತಲ್ಲ?" ಎಂದಳು. ಗೊತ್ತಿರುತ್ತದೆ ಎಂದೆ.

ಗೊತ್ತಿರಲಿಲ್ಲ. ಮನೆಗೆ ಬಂದು, ಬರುವಾಗ ಕೊಂಡು ತಂದ ಹೊಸ ಯಂತ್ರದಲ್ಲಿ ಒಂದೊಂದಾಗಿ ತೆರೆದೆ. ಬೂದು ಬಣ್ಣದ ಪಾದ ಕಪ್ಪು ಬಯಲಿನಲ್ಲಿ ನಿಧಾನವಾಗಿ ತಿರುಗುತ್ತದಲ್ಲ, ಹಾಗೆ ನೂರಾರು. ಹೆಸರುಗಳು ನನಗೆ ಶಾಲೆಯ ಹಾಜರಿಯ ಹಾಗೆ ಅಕ್ಷರದ ಸಾಲಿನಲ್ಲಿ ಬಾಯಿಪಾಠ, ದಿನಾ ನೋಡಿದ್ದೆನಲ್ಲ. ಕರೆದರೆ ಯಾವ ಪಾದವೂ ಓಗೊಡಲಿಲ್ಲ. ಇವರೆಲ್ಲರಿಗೂ ಮೂರು ವರ್ಷ ಬೂಟು ಹೊಲಿದವಳು ನಾನು. ನೀನಾಗಿದ್ದರೆ ಒಂದು ನೋಟಕ್ಕೆ ಇದು ದೋಣಿ, ಇದು ಅರೆಚಂದ್ರ ಎಂದು ಹೇಳಿ ಸಂಜೆಯೊಳಗೆ ಮುಗಿಸುತ್ತಿದ್ದೆ. ಆಗ ನಿನ್ನ ಕಾಗದ ನೆನಪಾಯಿತು. ಒಂದೇ ಒಂದು ಮಾತು ಬರಿ ಎಂದಿದ್ದೆ. ಅಂಗಡಿಗೆ ನಿಜವಾಗಿಯೂ ಕಷ್ಟ ಬಂದಿದೆ, ಸುಳ್ಳು ಹೇಳಬೇಕಾಗಿಯೂ ಇಲ್ಲ. ಪೆನ್ನು ತೆಗೆದುಕೊಂಡೆ. ಹಾಗೆ ತೆಗೆದುಕೊಂಡಾಗ ನನ್ನೊಳಗೆ ಒಂದು ಸಣ್ಣ ಸಂತೋಷ ಎದ್ದು ನಿಂತದ್ದನ್ನು ನೋಡಿದೆ. ಡಿಸ್ಕ್ ಕೆಟ್ಟದ್ದು ನನಗೆ ಬೇಕಾಗಿತ್ತೇ? ಅದನ್ನು ನೋಡಿದ ಮೇಲೆ ಬರೆಯಲಾಗಲಿಲ್ಲ. ಪೆನ್ನು ಮುಚ್ಚಿಟ್ಟೆ.

ಮಾರನೆಯ ದಿನ ಅಂಚೆಯಮ್ಮ ಬೀದಿಯ ಆ ತುದಿಯಲ್ಲಿ ಕಾಣಿಸಿದಾಗ ನಾನು ಗಿಡ್ಡ ಕುರ್ಚಿಯ ಮೇಲಿನ ಚರ್ಮದ ಸುರುಳಿಗಳನ್ನು ಇಳಿಸುತ್ತಿದ್ದೆ. ಒಳಗೆ ಬಾ, ಸ್ವಲ್ಪ ಕೂತುಕೋ ಎಂದೆ. ನನ್ನ ದನಿ ನನಗೇ ಬೇರೆಯವರದ್ದೆನ್ನಿಸಿತು. ಅವಳು ಚೀಲ ಇಳಿಸಿ ಕೂತಳು, ದಾರ ಬಿಚ್ಚಿದಳು, ಕಾಲು ಚಾಚಿದಳು. ನಿನ್ನ ಮಣೆಯ ಮೇಲೆ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡೆ. ಅವಳು ಬೆಚ್ಚಿ, ಆಮೇಲೆ ನಗುತ್ತಾ, "ನಿಮ್ಮ ತಮ್ಮ ಮೊದ್ಲು ಕೈ ಉಜ್ಜಿ ಬಿಸಿ ಮಾಡ್ಕೊಳ್ಳೋರು" ಎಂದಳು. ನೀನು ಹಾಗೆ ಮಾಡುವುದು ಮೂವತ್ತು ವರ್ಷ ನಿನ್ನ ಪಕ್ಕದಲ್ಲಿದ್ದ ನನಗೆ ಗೊತ್ತಿರಲಿಲ್ಲ, ನೋಡು. ಕೈ ಉಜ್ಜಿಕೊಂಡೆ. ಹೆಬ್ಬೆರಳು ಆಚೆಗೆ ಮುಖ ತಿರುಗಿಸಿತ್ತು, ಸರಿ. ಆದರೆ ಹಿಮ್ಮಡಿಯ ಹಿಂದೆ ಒಂದು ಗಂಟು, ನಿಂಬೆಬೀಜದಷ್ಟು, ಕೆಂಪಾಗಿ. ಪರದೆಯ ಮೇಲೆ ಅವಳ ಪಾದವನ್ನು ಹುಡುಕಿ ತೆಗೆದೆ. ಅದೊಂದು ಸುಲಭವಾಗಿ ಸಿಕ್ಕಿತು. ಅದರಲ್ಲಿ ಗಂಟಿರಲಿಲ್ಲ. ಇದು ಯಾವಾಗಿನಿಂದ ಎಂದು ಕೇಳಿದೆ. ಅವಳು ಕಿಟಕಿಯ ಕಡೆ ನೋಡಿದಳು. ಹೋದ ಜೋಡಿನಿಂದಲೇ ಕಚ್ಚುತ್ತಿತ್ತಂತೆ. ಅದರ ಹಿಂದಿನದೂ ಸ್ವಲ್ಪ. ಹೇಳಬಾರದಿತ್ತೇ ಎಂದೆ. "ನೀವು ಒಬ್ರೇ ಇದೀರಿ. ಅವರಿಲ್ದೆ ಹೇಗೋ ನಡೆಸ್ಕೊಂಡು ಹೋಗ್ತಿದೀರಿ. ನನ್ನ ಹಿಮ್ಮಡಿ ಬೇರೆ ಯಾಕೆ ನಿಮ್ಮ ತಲೆಗೆ ಅಂತ ಸುಮ್ನಿದ್ದೆ."

ತಮ್ಮಾ, ನಾನು ಮೂರು ವರ್ಷ ಜೋಪಾನ ಮಾಡಿದ್ದು, ಆಮೇಲೆ ಕಳೆದುಕೊಂಡು ಅತ್ತದ್ದು, ನೀನು ಹೊರಟ ದಿನದ ಪಾದಗಳನ್ನು. ಪಾದಗಳು ಅಲ್ಲೇ ನಿಲ್ಲಲಿಲ್ಲ. ಅವು ನಡೆದವು, ಊದಿದವು, ಸವೆದವು. ನಾನು ಮಾತ್ರ ಹಳೆಯ ಆಕಾರಕ್ಕೆ ಹೊಸ ಚರ್ಮ ಹೊಲಿಯುತ್ತಲೇ ಇದ್ದೆ. ಕಚ್ಚಿಸಿಕೊಂಡವರು ನನ್ನ ಮೇಲಿನ ಕರುಣೆಯಿಂದ ಬಾಯಿ ಬಿಡಲಿಲ್ಲ.

ಆಮೇಲೆ ಎಲ್ಲರಿಗೂ ಫೋನ್ ಮಾಡಿದೆ. ನಂಬರುಗಳು ನನ್ನ ಫೋನಿನಲ್ಲಿ ಪಾದದ ಹೆಸರಿನಲ್ಲೇ ಇವೆಯಲ್ಲ, ಅದೊಂದು ಉಳಿದಿತ್ತು. ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಕೂರಿಸಿ, ಕೈ ಬಿಸಿ ಮಾಡಿಕೊಂಡು, ಹೊಸದಾಗಿ ಅಳೆಯುತ್ತೇನೆ, ಆಮೇಲೆ ಹೆಸರಿಲ್ಲದ ರಾಶಿಯಲ್ಲಿ ಅವರ ಹಳೆಯ ಪಾದವನ್ನು ಹುಡುಕಿ ಪಕ್ಕದಲ್ಲಿಟ್ಟು ಎಲ್ಲಿ ಬದಲಾಗಿದೆ ಎಂದು ನೋಡುತ್ತೇನೆ. ನಿನ್ನಷ್ಟು ಬೇಗ ಆಗುವುದಿಲ್ಲ. ಒಬ್ಬೊಬ್ಬರಿಗೆ ಅರ್ಧ ಬೆಳಿಗ್ಗೆ ಬೇಕು. ಬಸ್ ಡ್ರೈವರ್ ಬಂದಾಗ ಬಾಯಿ ತಪ್ಪಿ "ದೋಣಿ ಸಿಕ್ಕಿತು" ಎಂದುಬಿಟ್ಟೆ. ಅಪ್ಪ ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು. ಡ್ರೈವರ್ ಬಿಡಲಿಲ್ಲ, ಕೆದಕಿ ಕೆದಕಿ ಕೇಳಿ ತಿಳಿದುಕೊಂಡರು. "ಇಷ್ಟು ವರ್ಷ ಬಸ್ಸು ಓಡ್ಸಿ ಕೊನೆಗೆ ದೋಣಿ ಆದ್ನಾ ನಾನು" ಎಂದು ಹೊಟ್ಟೆ ಹಿಡಿದು ನಕ್ಕರು. ಹೊರಡುವಾಗ ಬಾಗಿಲಲ್ಲಿ ನಿಂತು, ಕೆಟ್ಟ ಹೆಸರಲ್ಲ ಎಂದರು. ಬೆಳ್ಳುಳ್ಳಿಯ ನಂಬರಿಗೆ ಮಾಡಿದಾಗ ಮಗಳು ಎತ್ತಿಕೊಂಡಳು. ಅಮ್ಮ ಹೋಗಿ ಆರು ತಿಂಗಳಾಯಿತು ಎಂದಳು. ಯಾರು ಮಾತಾಡುವುದು ಎಂದು ಕೇಳಿದಾಗ ಅಮ್ಮನಿಗೆ ಬೂಟು ಹೊಲಿಯುತ್ತಿದ್ದವಳು ಎಂದೆ.  ಆ ಪಾದವನ್ನು ಅಳಿಸಲಿಲ್ಲ. ಬೆರಳುಗಳು ಹಾಗೆ ಒತ್ತೊತ್ತಾಗಿ ಕೂತದ್ದು ಇನ್ನೊಂದಿಲ್ಲ, ಆದ್ದರಿಂದ ಹೆಸರು ಹಾಕುವುದಕ್ಕೆ ಕಷ್ಟವಾಗಲಿಲ್ಲ.

ಈಗ ಅಂಗಡಿ ಬೆಳಿಗ್ಗೆ ತೆರೆಯುತ್ತದೆ. ಅಂಚೆಯಮ್ಮನ ಜೋಡು ಮುಗಿದು, ಅವಳು ಹಾಕಿಕೊಂಡು ಬೀದಿಯ ತುದಿಯವರೆಗೂ ಹೋಗಿ, ಅಲ್ಲಿಂದ ಕೈ ಬೀಸಿದಳು. ಸಂಜೆ ಬಾಗಿಲು ಹಾಕಿದ ಮೇಲೆ ಮನೆ ಹಿಂದಿನಂತೆಯೇ. ಹೊಸ ಯಂತ್ರಕ್ಕೆ ಸದ್ದೇ ಇಲ್ಲ, ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಹಗಲು ನಾಲ್ಕು ಜನ ಬಂದು ಹೋದ ಕುರ್ಚಿ ಸಂಜೆಗೆ ಮೊದಲಿಗಿಂತ ಹೆಚ್ಚು ಖಾಲಿ ಕಾಣಿಸುತ್ತದೆ. ಇದಕ್ಕೇನೂ ಪರಿಹಾರ ಕೇಳುತ್ತಿಲ್ಲ, ಇದೆ ಎಂದು ಹೇಳಿದೆ. ಇದರ ಜೊತೆ ಚರ್ಮದ ತುಂಡಿನಲ್ಲಿ ಸುತ್ತಿದ ಪೆನ್ ಡ್ರೈವ್ ಇದೆ, ಹುಷಾರಾಗಿ ಬಿಚ್ಚು. ಈವರೆಗೆ ಗುರುತು ಹಿಡಿದ ಪಾದಗಳೆಲ್ಲ ಅದರಲ್ಲಿವೆ. ಈ ಸಲ ವಿಳಾಸವಲ್ಲ, ಮನೆಯೇ. ಒಂದೊಂದನ್ನೂ ತೆರೆದು ನೋಡಿಯೇ ಕಳಿಸುತ್ತಿದ್ದೇನೆ. ನಿನ್ನ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಟ್ಟುಕೋ. ಹೆಸರು ತಪ್ಪಿದ್ದರೆ ನಗಬೇಡ, ತಿದ್ದಿ ಬರಿ.

ಕ್ಯಾಂಪಿನವರ ಪ್ರಶ್ನೆಗೆ ಉತ್ತರವನ್ನು ಯೋಚಿಸಿ ಬರೆಯುತ್ತೇನೆ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನೆನಪು ತಿಳಿಸು, ಆ ಅಡುಗೆಯವನಿಗೆ ವಿಶೇಷವಾಗಿ, ನಿನಗೆ ಎರಡನೇ ಸಲ ಬಡಿಸುತ್ತಾನಂತಲ್ಲ. ಹೋದ ಕಡೆ ನಿನ್ನ ಕೈ ಬೆಚ್ಚಗಿರಲಿ, ನೀನು ಮಾಡಿಕೊಟ್ಟ ಕಾಲುಗಳು ದೂರ ನಡೆಯಲಿ.

ಇತಿ,
ನಿನ್ನ ಅಕ್ಕ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಮುಂದೂಡಿದ್ದೆ. ಒಬ್ಬೊಬ್ಬರಿಗಾಗಿ ಫೋನ್ ಮಾಡುತ್ತಾ ಹೋದಂತೆ, ಕರೆಯಲು ಯಾರೂ ಇಲ್ಲದ ಒಂದು ಹೆಸರು ಕೈಯಲ್ಲೇ ಉಳಿಯಿತು, ಕೊಕ್ಕರೆ. ಆ ಹೆಸರಿನಲ್ಲಿ ನನ್ನ ಫೋನಿನಲ್ಲಿ ನಂಬರಿಲ್ಲ, ಯಾರೂ ಎಂದೂ ಬೂಟು ಕೇಳಿಲ್ಲ. ಯಾರೋ ಹಳೆಯ ಉದ್ದನೆಯ ಮನುಷ್ಯ ಇರಬೇಕೆಂದು ಮೂರು ವರ್ಷ ದಾಟಿಸಿಕೊಂಡು ಹೋಗಿದ್ದೆ. ರಾಶಿಯಲ್ಲಿ ಹುಡುಕುವಾಗ, ನಾನು ಎಂದೂ ಬೂಟು ಹೊಲಿಯದ ಒಂದು ಜೊತೆ ಪಾದವೂ ಸಿಕ್ಕಿತು, ಹೆಂಗಸಿನದು, ಎಡಗಡೆಯದು ಹೆಚ್ಚು ಚಪ್ಪಟೆ, ಭಾರವೆಲ್ಲ ಅದರ ಮೇಲೇ ಬಿದ್ದದ್ದು. ಜೊತೆಗೆ ಬೂಟಿನ ನಕ್ಷೆಯೂ ಇತ್ತು, ಎಡಗಾಲಿನ ಕಮಾನಿಗೆ ಆಸರೆ ಕೊಟ್ಟು, ಅಟ್ಟೆಯವರೆಗೂ ಮುಗಿಸಿದ್ದು, ಕತ್ತರಿಸುವುದೊಂದೇ ಬಾಕಿ. ಕಾಗದದ ಮೇಲೆ ತೆಗೆದು ನೆಲಕ್ಕೆ ಹಾಸಿ ಅದರ ಮೇಲೆ ನಿಂತೆ, ನನ್ನದೇ ಪಾದ. ಸ್ಕ್ಯಾನರಿನ ಗಾಜು ಪರೀಕ್ಷೆ ಎಂದಿದ್ದೆಯಲ್ಲೋ, ಕಳ್ಳ. ಮೇಜಿನ ಮುಂದೆ ಕೊಕ್ಕರೆಯ ಹಾಗೆ ಒಂಟಿ ಕಾಲಿನ ಮೇಲೆ ನಿಲ್ಲುವುದನ್ನು ನಾನೇ ನೋಡಿಕೊಂಡಿರಲಿಲ್ಲ. ನೀನು ನೋಡಿದ್ದೆ, ಹೆಸರಿಟ್ಟಿದ್ದೆ, ಹೇಳದೆ ಹೋಗಿದ್ದೆ. ಹೊಲಿದುಕೊಂಡೆ. ಈ ಸಾಲು ಬರೆಯುವಾಗ ಕಾಲಲ್ಲಿ ಅವೇ ಇವೆ, ಸೊಂಟದ ನೆಂಟರು ಹೊರಡುವ ಸೂಚನೆ ಕಾಣುತ್ತಿದೆ. ಯೋಚಿಸಿ ಬರೆಯುತ್ತೇನೆ ಎಂದ ಉತ್ತರ ಇದು. ಅಂಗಡಿಗೆ ಕಷ್ಟವಿಲ್ಲ. ಅಂಗಡಿಗೆ ನೀನು ಬೇಕಾಗಿಲ್ಲ. ನನಗೆ ಬೇಕು. ಎರಡೂ ಒಂದೇ ಎಂದುಕೊಂಡಿದ್ದೆ, ಅಲ್ಲ. ಬಾ ಎನ್ನುತ್ತಿಲ್ಲ, ಅಲ್ಲಿ ನಿನಗಾಗಿ ಕಾಯುತ್ತಾ ಕೂತವರು ನನಗೂ ಕಾಣುತ್ತಾರೆ. ಇಷ್ಟನ್ನು ತಿಳಿದುಕೊಂಡು ತೀರ್ಮಾನ ಮಾಡು. ಮತ್ತೊಮ್ಮೆ ಓದಿದರೆ ಈ ಕೊನೆಯ ಸಾಲುಗಳನ್ನು ಹೊಡೆದುಹಾಕುತ್ತೇನೆ, ಅದಕ್ಕೇ ಈಗಲೇ ಅಂಟಿಸಿ ಮುನಿಸಿನ ಕೈಗೇ ಕೊಡುತ್ತೇನೆ, ನಾಳೆ, ಸೋಮವಾರ, ನವೆಂಬರ್ ೧೦.